ಹಿಡಿ ಜೋಳದ ಸಪ್ಪಳ

ಅವ್ವ ಆ ಮಾತನ್ನು ಆಡಿದ್ದಳೋ ಇಲ್ಲವೋ ನನಗೆ ಖಚಿತವಿಲ್ಲ.

ಆಡಿದ್ದರೆ, ಸಾಯುವುದಕ್ಕೆ ಐದಾರು ದಿನ ಮುಂಚೆ, ಬೆಳಿಗ್ಗೆ ಆಡಿರಬೇಕು. ನಾನು ಅಡುಗೆ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಹೊರಗಿನ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಧ್ವನಿ ಆಗಲೇ ಹೋಗಿತ್ತು. ಉಸಿರಿನಲ್ಲೇ ಮಾತಾಡುತ್ತಿದ್ದಳು.

"ಡಬ್ಬಿ ಖಾಲಿನೇ ಅದ. ಇರ್ಲಿ ಬಿಡು."

ಇಷ್ಟೇ. ನಾನು ಏನೂ ಉತ್ತರಿಸಲಿಲ್ಲ ಎಂದು ನೆನಪು. ಉತ್ತರಿಸಲಿಲ್ಲ ಎಂಬುದನ್ನೂ ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ನನ್ನ ಹೆಂಡತಿ ಲೀಲಾ ಈ ಮಾತನ್ನು ಕೇಳಿಲ್ಲ. ಅವಳು ಶಿಕ್ಷಕಿ. ಆ ಹೊತ್ತಿಗೆ ಮಗಳನ್ನು ಕರೆದುಕೊಂಡು ಬೆಳಗಿನ ಶಾಲೆಗೆ ಹೋಗಿಬಿಟ್ಟಿರುತ್ತಿದ್ದಳು. ಮನೆಯಲ್ಲಿದ್ದವರು ಅವ್ವ ಮತ್ತು ನಾನು, ಇಬ್ಬರೇ. ನಾನು ನಾಸಿಕದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಇರುವುದು ಒಬ್ಬನೇ ಸಾಕ್ಷಿ, ಅವನೂ ನಿದ್ದೆಗೆಟ್ಟವನು, ಮೇಲಾಗಿ ತಪ್ಪು ಮಾಡಿದವನು ಎಂದಾದರೆ ಅವನ ಹೇಳಿಕೆಗೆ ಎಷ್ಟು ಬೆಲೆ ಕೊಡಬೇಕೆಂದು ನನಗೆ ಗೊತ್ತು. ಆದರೂ ಒಂದು ವರ್ಷದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಯಾಕೆ ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಮೊದಲು ಸಿಕ್ಕಿಕೊಂಡದ್ದು ರೊಟ್ಟಿ.

ಅವ್ವ ಆಗ ಔರಂಗಾಬಾದಿನಲ್ಲಿದ್ದಳು. ಅಲ್ಲಿನ ಒಂದು ಮಿಶನ್ ಬೋರ್ಡಿಂಗಿನಲ್ಲಿ ಹುಡುಗಿಯರನ್ನು ನೋಡಿಕೊಳ್ಳುವ ಆಯಾ. ನಾವು ಮೂಲತಃ ಬೀದರ್ ಕಡೆಯ ಹಳ್ಳಿಯವರು. ಅಪ್ಪ ಅಲ್ಲಿನ ಸಣ್ಣ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದ. ನಾನು ಎಂಟು ವರ್ಷದವನಿದ್ದಾಗ ಕಾಲರಾದಲ್ಲಿ ಹೋದ. ನಿಜಾಮನ ಕಾಲ ಅದು. ಬೀದರಿಗೂ ಔರಂಗಾಬಾದಿಗೂ ಒಂದೇ ಸರ್ಕಾರ. ಅವ್ವ ನನ್ನನ್ನು ಕಟ್ಟಿಕೊಂಡು ಔರಂಗಾಬಾದಿಗೆ ಬಂದಳು. ಇಪ್ಪತ್ತೈದು ವರ್ಷ ಪರರ ಮಕ್ಕಳ ತಲೆ ಬಾಚಿ, ಹೇನು ತೆಗೆದು, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿ ನನ್ನನ್ನು ಎಂ.ಎಸ್ಸಿ. ತನಕ ಓದಿಸಿದಳು.

ಓದಿ ನಾನು ಅವಳ ದೇವರನ್ನು ಬಿಟ್ಟೆ.

ಅವಳು ಅದಕ್ಕೆ ಅಳಲಿಲ್ಲ, ಜಗಳವಾಡಲೂ ಇಲ್ಲ. "ಅಂವ ನಿನ್ನ ಬಿಟ್ಟಿಲ್ಲಲ್ಲ, ಸಾಕು," ಎಂದಿದ್ದಳು. ಈ ಥರದ ಮಾತುಗಳೇ ನನಗೆ ಸಿಟ್ಟು ತರಿಸುತ್ತಿದ್ದವು. ಯಾವ ಪ್ರಶ್ನೆಯನ್ನೂ ಪ್ರಶ್ನೆಯಾಗಿ ಉಳಿಯಗೊಡದ ಮಾತುಗಳು.

ಎಪ್ಪತ್ತೆರಡರ ಸಂಕ್ರಾಂತಿ ರಜೆಯಲ್ಲಿ ನಾನು ಔರಂಗಾಬಾದಿಗೆ ಹೋದಾಗ ಊಟಕ್ಕೆ ಕೂತಿದ್ದೆವು. ಅವ್ವ ಒಂದೊಂದು ತುತ್ತಿಗೂ ನೀರು ಕುಡಿಯುತ್ತಿದ್ದಳು.

"ಹಲ್ಲಿಲ್ಲವ್ವಾ ನಿನಗ, ಅದಕ್ಕ ಹಿಂಗ," ಎಂದೆ.

"ಹಲ್ಲಿಲ್ಲದ್ದು ಬಾಯಾಗಲ್ಲೇನೋ? ಇದು ಇಲ್ಲಿ ನಿಂದರ್ತದ." ಎದೆಯ ನಡುವೆ ಬೆರಳಿಟ್ಟು ತೋರಿಸಿದಳು.

ನಾನು ನಕ್ಕೆ. ನಕ್ಕದ್ದಂತೂ ಖಂಡಿತ ನೆನಪಿದೆ. ಇಂಥವು ಎಂದೂ ಮಸುಕಾಗುವುದಿಲ್ಲ.

ಬೋರ್ಡಿಂಗಿನ ಹತ್ತಿರದ ಡಾಕ್ಟರು ಗ್ಯಾಸ್ ಎಂದರು. ಗುಲಾಬಿ ಬಣ್ಣದ ಔಷಧಿ ಕೊಟ್ಟರು. ಮೂರು ತಿಂಗಳು ಅದನ್ನೇ ಕುಡಿದಳು. ರೊಟ್ಟಿ ಹೋಗಿ ಅನ್ನವಾಯಿತು. ಅನ್ನ ಹೋಗಿ ಗಂಜಿಯಾಯಿತು. ಬೋರ್ಡಿಂಗಿನವರು ಕಾಗದ ಬರೆದ ಮೇಲೆ ನಾನು ಹೋಗಿ ನೋಡಿದರೆ ಕೊರಳ ಎಲುಬಿನ ಹಿಂದೆ ಕೈ ಹೋಗುವಷ್ಟು ಗುಂಡಿ ಬಿದ್ದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಳ್ಳನೆಯ ಅಗಲ ಗೆರೆಯೊಂದು ಇಳಿಯುತ್ತ ಬಂದು ಒಮ್ಮೆಲೇ ಇಲಿಯ ಬಾಲದಷ್ಟು ಸಣ್ಣಗಾಗಿತ್ತು.

"ಕಾರ್ಸಿನೋಮಾ ಈಸೋಫೇಗಸ್. ಮಿಡಲ್ ಥರ್ಡ್," ಎಂದರು. ಅನ್ನನಾಳದ ನಡುಭಾಗದಲ್ಲಿ ಕ್ಯಾನ್ಸರ್. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, "ಯು ಆರ್ ಎಜುಕೇಟೆಡ್," ಎಂದರು. ಇನ್ನು ಮುಂದೆ ಹೇಳುವುದೇನೂ ಇಲ್ಲ ಎಂಬುದನ್ನು ಹಾಗೆ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವ ಕೇಳಿದಳು. "ಏನಂದ್ರೋ ಡಾಕ್ಟರ್ ಸಾಹೇಬ್ರು?"

"ಹುಣ್ಣು ಅಂದ್ರು."

"ಹುಣ್ಣಿಗೆ ನಿನ್ನ ಮಾರಿ ಯಾಕ್ ಹಿಂಗಾಗ್ಯಾದ?"

ರೇಡಿಯೇಷನ್ನಿಗೆ ಬಾಂಬೆಗೂ ಹೋಗಿ ಬಂದೆವು. ತಡವಾಗಿದೆ ಎಂದರು. ನಾಸಿಕಕ್ಕೆ ನನ್ನ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು. ಔರಂಗಾಬಾದ್ ಬಿಡುವ ದಿನ ಒಂದು ಟ್ರಂಕು, ಒಂದು ಗಂಟು. ಇವೆರಡನ್ನೂ ಬಸ್ಸಿನ ಮೇಲೆ ಹಾಕಿಸಿದೆ. ಮೂರನೆಯದನ್ನು ಅವ್ವ ಕೈಬಿಡಲಿಲ್ಲ. ವೈಜಾಪುರ, ಯೇವಲಾ ದಾಟಿ ನಾಸಿಕ ಬರುವವರೆಗೆ ಅದು ಅವಳ ತೊಡೆಯ ಮೇಲೇ ಇತ್ತು. ಒಂದು ಖಾಲಿ ಡಬ್ಬಿ.

ಬೋರ್ಡಿಂಗಿಗೆ ಹಾಲಿನ ಪುಡಿ ಬರುತ್ತಿದ್ದ ದೊಡ್ಡ ತಗಡಿನ ಡಬ್ಬಿ ಅದು. ಅವ್ವ ಅದಕ್ಕೆ ತಂತಿಯ ಹಿಡಿಕೆ ಹಾಕಿಸಿದ್ದಳು. ನಮ್ಮ ಸಭೆಗಳಲ್ಲಿ ಹೆಂಗಸರು ನಡೆಸಿಕೊಂಡು ಬಂದ ಒಂದು ಪದ್ಧತಿಯಿದೆ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಮನೆಯ ಕಾಳಿನಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಆ ಹಿಡಿ ದೇವರದು. ಮನೆಯಲ್ಲಿ ಎಷ್ಟೇ ಕಡಿಮೆಯಿರಲಿ, ಆ ಡಬ್ಬಿಗೆ ಕೈ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದ ಆರಾಧನೆಗೆ ಡಬ್ಬಿಯನ್ನು ಹೊತ್ತುಕೊಂಡು ಹೋಗಿ ಸುರಿದು ಬರುತ್ತಾರೆ. ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗುತ್ತದೆ ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗಿಂತ ಇಲ್ಲದ ಮನೆ ಯಾವುದು ಎಂದು ಕೇಳಿ ಬೆನ್ನಿಗೆ ಗುದ್ದು ತಿಂದಿದ್ದೆ.

ಊರು ಬಿಡುವ ಹಿಂದಿನ ದಿನ ಅವ್ವ ಆ ವರ್ಷ ಕೂಡಿದ್ದನ್ನು ಔರಂಗಾಬಾದಿನ ಸಭೆಗೆ ಕೊಟ್ಟು ಡಬ್ಬಿ ತೊಳೆದು ಒರೆಸಿ ತಂದಿದ್ದಳು. ನುಂಗಲು ಬಾರದ ಹೆಂಗಸು ಕಾಳಿನ ಡಬ್ಬಿಯನ್ನು ತಬ್ಬಿಕೊಂಡು ಕೂತಿದ್ದಾಳೆ. ಯೇವಲಾದಲ್ಲಿ ಚಹಾಕ್ಕೆ ಬಸ್ಸು ನಿಂತಾಗ ಅದನ್ನು ನೋಡಿ ನನಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು.

ಬಂದ ವಾರದಲ್ಲೇ ಅವಳಿಗೆ ನೀರೂ ಇಳಿಯದಾಯಿತು. ನಾಸಿಕದ ಒಂದು ಆಸ್ಪತ್ರೆಯಲ್ಲಿ ಗ್ಯಾಸ್ಟ್ರೋಸ್ಟಮಿ ಮಾಡಿದರು. ಅಂದರೆ ಹೊಟ್ಟೆಗೆ ತೂತು ಮಾಡಿ ಒಂದು ರಬ್ಬರ್ ಕೊಳವೆ ಕೂಡಿಸುವುದು. ಇನ್ನು ಬಾಯಿಯ ಕೆಲಸ ಮುಗಿಯಿತು. ವಯಸ್ಸಾದ ಸರ್ಜನ್ ನನ್ನನ್ನೂ ಲೀಲಾಳನ್ನೂ ಮಂಚದ ಪಕ್ಕ ನಿಲ್ಲಿಸಿ ಕಲಿಸಿದರು. ಕೊಳವೆಯ ಕ್ಲಿಪ್ಪು ಬಿಚ್ಚಬೇಕು. ಆಲಿಕೆ ಸಿಕ್ಕಿಸಬೇಕು. ಹಾಲೋ ತೆಳು ಗಂಜಿಯೋ ನಿಧಾನವಾಗಿ ಹೊಯ್ಯಬೇಕು. ಕೊನೆಗೆ ಸ್ವಲ್ಪ ನೀರು. ಕ್ಲಿಪ್ಪು. ದಿನಕ್ಕೆ ಆರು ಸಲ.

ಬೆಳಗಿನದು ನನ್ನ ಪಾಲಿಗೆ ಬಂತು. ಲೀಲಾಗೆ ಬೆಳಗಿನ ಶಾಲೆ, ನನಗೆ ಹನ್ನೊಂದಕ್ಕೆ ಕಾಲೇಜು. ಮೊದಲ ದಿನ ಗಂಜಿ ಆಲಿಕೆಯಲ್ಲೇ ನಿಂತುಬಿಟ್ಟಿತು. ನಾನು ಗಾಬರಿಯಾಗಿ ಕೊಳವೆಯನ್ನು ಹಿಚುಕುತ್ತಿದ್ದೆ. ಅವ್ವ ಕಣ್ಣು ತೆರೆದು ನೋಡಿದಳು.

"ಏ ಕಾಲೇಜಿನ ಸಾಹೇಬ, ಮ್ಯಾಲ ಎತ್ತು ಅದನ್ನ. ಹುಡುಗರಿಗೆ ಏನ್ ಕಲಸ್ತಿಯೋ ದೇವರಿಗೇ ಗೊತ್ತು."

ಎತ್ತಿದೆ. ಇಳಿಯಿತು. ಎತ್ತರ ಹೆಚ್ಚಿದರೆ ಒತ್ತಡ ಹೆಚ್ಚುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಅವ್ವನಿಗೆ ನಗು ಬಂತು. ನಕ್ಕರೆ ಕೊಳವೆಯ ಬುಡದಲ್ಲಿ ನೋಯುತ್ತಿತ್ತು. ಅದಕ್ಕೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರನೆಯ ದಿನ ಡಬ್ಬಿಯ ವಿಷಯ ಬಂತು.

ನಾನು ಸ್ಟೋವಿಗೆ ಪಂಪು ಹೊಡೆಯಲು ಕೂತಿದ್ದೆ. "ಹಿಡಿ ಹಾಕಿದ್ಯಾ?" ಎಂದು ಹೊರಗಿನ ಕೋಣೆಯಿಂದ ಕೇಳಿದಳು. ಲೀಲಾ ಅಂದು ಇನ್ನೂ ಮನೆಯಲ್ಲೇ ಇದ್ದಳು. "ನಾ ಹಾಕ್ತೀನಿ ಬಿಡ್ರಿ ಅತ್ತಿ," ಎಂದಳು.

"ನೀ ಹಾಕ್ತಿ ಅಂಬೋದು ನನಗ ಗೊತ್ತದ. ಬ್ಯಾಡ. ಅವ ಹಾಕ್ಲಿ."

"ಯಾಕವ್ವಾ?" ಎಂದೆ.

"ಒಲಿ ಯಾರ್ ಹಚ್ತಾರ ಅವರು ಹಾಕಬೇಕು. ಈಗ ಹಚ್ಚಾಂವ ನೀ."

ನಾನು ಹಾಕುವುದಿಲ್ಲ ಎಂದೆ. ಬರಗಾಲದ ವರ್ಷ ಅದು. ರೇಷನ್ ಅಂಗಡಿಯಲ್ಲಿ ಪರದೇಶದ ಕೆಂಪು ಜೋಳ ಕೊಡುತ್ತಿದ್ದರು. ಬೇಯಿಸಿದರೆ ಮುಗ್ಗಿದ ವಾಸನೆ. ಅದನ್ನೂ ಸಾಲಿನಲ್ಲಿ ನಿಂತು ತರಬೇಕು. ಆದರೆ ನನ್ನ ಕಾರಣ ಅದಾಗಿರಲಿಲ್ಲ. ಒಬ್ಬ ಹೆಂಗಸು ಐವತ್ತು ವರ್ಷ ದಿನಾ ತನ್ನ ಅನ್ನದಿಂದ ಒಂದು ಹಿಡಿ ತೆಗೆದುಕೊಟ್ಟಳು. ಅದಕ್ಕೆ ಪ್ರತಿಯಾಗಿ ಅವಳ ಗಂಟಲನ್ನೇ ಮುಚ್ಚಿದವನಿಗೆ ನಾನು ಜೋಳ ಕೊಡಬೇಕೇ? ಅವನಿಲ್ಲ ಎನ್ನುವವನು ಅವನ ಮೇಲೆ ಹೀಗೆ ಸಿಟ್ಟಾಗುವುದು ತರ್ಕಕ್ಕೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿಟ್ಟು ತರ್ಕಕ್ಕೆ ಕಾಯಲಿಲ್ಲ.

ಗಂಜಿ ತಂದು ಆಲಿಕೆ ಹಿಡಿದೆ. ಅವ್ವ ಕುಪ್ಪಸದ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಕೊಳವೆ ಕೊಡಲಿಲ್ಲ.

"ಮೊದಲ ಅದು. ಆಮ್ಯಾಲ ಇದು."

"ಬೆಳೀನೇ ಇಲ್ಲದ ವರ್ಷ ಎಂಥಾ ಸುಗ್ಗಿ ಹಬ್ಬವ್ವಾ?"

"ಬೆಳಿ ಬಂದಾಗ ಯಾರ್ ಬೇಕಾದ್ರೂ ಕೊಡ್ತಾರ. ಅದ್ರಾಗೇನ್ ದೊಡ್ಡಸ್ತನ?"

ಗಂಜಿ ಆರಿತು. ನಾನು ಎದ್ದು ಅಡುಗೆ ಕೋಣೆಗೆ ಹೋದೆ. ಜೋಳದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಡಬ್ಬಿಗೆ ಸುರಿದೆ. ಖಣಖಣ ಸಪ್ಪಳವಾಯಿತು. ಹೊರಗಿನ ಕೋಣೆಯಿಂದ "ಸ್ತೋತ್ರ" ಎಂದಳು. ನಮ್ಮವರು ದೇವರಿಗೆ ವಂದನೆ ಹೇಳುವ ಮಾತು ಅದು. ಕುಪ್ಪಸದ ಅಂಚು ಬಿಟ್ಟಳು.

ಅವಳ ಹೊಟ್ಟೆ ತುಂಬಿಸಿ ವಾಪಸು ಬಂದು, ಡಬ್ಬಿಗೆ ಕೈ ಹಾಕಿ, ಆ ಹಿಡಿಯನ್ನು ಸಪ್ಪಳವಾಗದಂತೆ ತೆಗೆದು ಚೀಲಕ್ಕೆ ಸೇರಿಸಿದೆ.

ಹೀಗೆ ನಾಲ್ಕು ತಿಂಗಳು. ಅದೇ ಹಿಡಿ ಹೋಗುತ್ತಿತ್ತು, ಬರುತ್ತಿತ್ತು. ಕೊನೆಕೊನೆಗೆ ತೆಗೆಯುವ ತೊಂದರೆಯೂ ಬೇಡವೆಂದು ರಾತ್ರಿಯಿಡೀ ಅದನ್ನು ಡಬ್ಬಿಯ ತಳದಲ್ಲೇ ಬಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿ ಮತ್ತೆ ಸುರಿಯುತ್ತಿದ್ದೆ. ಹೊರಗಿನಿಂದ "ಸ್ತೋತ್ರ" ಬರುತ್ತಿತ್ತು. ನಾನು ದಯೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಸಾಯುವವಳಿಗೆ ಬೇಕಾದದ್ದು ಒಂದು ಸಪ್ಪಳ, ಅದನ್ನು ಕೊಟ್ಟರಾಯಿತು. ಅವಳ ನಂಬಿಕೆಯೆಲ್ಲ ಇಂಥ ಸಪ್ಪಳಗಳ ಮೇಲೇ ನಿಂತದ್ದು ಎಂದು ನನ್ನ ಅಭಿಪ್ರಾಯವಾಗಿತ್ತು. ಅದಕ್ಕೆ ನನ್ನ ಡಬ್ಬಿಯೇ ಸಾಕ್ಷಿ ಎಂದು ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇತ್ತು.

ಲೀಲಾ ಒಂದು ಭಾನುವಾರ ಡಬ್ಬಿ ಒರೆಸಲು ಎತ್ತಿಕೊಂಡಳು. ಹಗುರಾಗಿತ್ತು. ಮುಚ್ಚಳ ತೆಗೆದು ನೋಡಿದಳು. ನನ್ನನ್ನು ಹಿತ್ತಲಿಗೆ ಕರೆದಳು.

"ಏನ್ ಮಾಡ್ಲಾಕತ್ತೀರಿ ನೀವು?"

"ಅವಳಿಗೆ ಗೊತ್ತಾಗಲ್ಲ."

"ನಿಮಗಂತೂ ಗೊತ್ತದಲ್ಲ?"

"ನೀನೇ ತುಂಬಿಸು ಹಂಗಾದರ."

"ನಾ ಯಾಕ ತುಂಬಸಲಿ? ಅವರು ನನ್ನ ಕೇಳಿಲ್ಲ. ನಿಮ್ಮವ್ವ, ನಿಮ್ಮ ಡಬ್ಬಿ." ಮುಚ್ಚಳ ಹಾಕಿ ಅದನ್ನು ಇದ್ದಲ್ಲೇ ಇಟ್ಟಳು. ಅವ್ವನಿಗೆ ಮಾತ್ರ ಹೇಳಲಿಲ್ಲ. ಆಮೇಲೆ ನಾನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಹೇಳಿಲ್ಲ ಎಂದಿದ್ದಾಳೆ. ಲೀಲಾ ಸುಳ್ಳು ಹೇಳುವವಳಲ್ಲ. ಆ ಮನೆಯಲ್ಲಿ ಆ ಕೆಲಸಕ್ಕೆ ನಾನಿದ್ದೆ.

ನಾಸಿಕದಲ್ಲಿ ಕನ್ನಡ ಮಾತಾಡುವ ಕ್ರೈಸ್ತರ ಮನೆ ಆರೇಳು. ಅವರಿಗೆ ಹಿರಿಯ ಅಬ್ರಾಹಮಪ್ಪ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದ ಮುದುಕ. ವಾರಕ್ಕೊಮ್ಮೆ ಸೈಕಲ್ಲಿನ ಮೇಲೆ ಬಂದು ಅವ್ವನ ಹತ್ತಿರ ಕೂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದ. ಒಮ್ಮೆ ಅವನ ಜೊತೆ ಇನ್ನಿಬ್ಬರು ಹೆಂಗಸರು ಬಂದರು. ಅವರಲ್ಲಿ ಒಬ್ಬಳು ಪ್ರಾರ್ಥನೆ ಮುಗಿಸಿ ನಾನು ಅಲ್ಲೇ ನಿಂತಿರುವಾಗ ಅವ್ವನಿಗೆ ಹೇಳಿದಳು. "ಮಗ ನಂಬಿಗಿಗಿ ಬಂದ್ರ ನಿಮಗ ಗುಣ ಆಗ್ತದ್ರಿ ಅಕ್ಕಾರ. ದೇವರು ಅದಕ್ಕೇ ತಡದಾನ."

ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲು ಅವ್ವನೇ ಮಾತಾಡಿದಳು. ಆಗಲೇ ಧ್ವನಿ ಒಡೆದಿತ್ತು.

"ನನ್ನ ಹುಣ್ಣಿಗೆ ನನ್ನ ಮಗನ್ನ ಯಾಕ ಕಟ್ತಿ ತಂಗಿ? ಹುಣ್ಣು ಹುಣ್ಣೇ. ಅಂವ ಅಂವನೇ."

ಆ ಹೆಂಗಸು ಮತ್ತೆ ಬರಲಿಲ್ಲ. ಅಬ್ರಾಹಮಪ್ಪ ಹೊರಗೆ ಸೈಕಲ್ ಹತ್ತುತ್ತ, "ಮನಸಿಗಿ ಹಚ್ಕೋಬ್ಯಾಡ್ರಿ ಸರ್," ಎಂದ. ಆಮೇಲೆ, ದಿಂಡೋರಿ ರಸ್ತೆಯಲ್ಲಿ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಬಂದು ಬಿಡಾರ ಹಾಕಿದವರ ಸುದ್ದಿ ತೆಗೆದ. ಈ ಸಲದ ಸುಗ್ಗಿ ಹಬ್ಬದ ಕಾಳೆಲ್ಲ ಅವರಿಗೇ ಎಂದ. "ನಿಮ್ಮ ಅವ್ವಾರೇ ಹೇಳ್ಯಾರ. ನಮ್ಮ ಡಬ್ಬಿ ಆ ಮಕ್ಕಳಿಗಿ ಹೋಗ್ಲಿ ಅಂದಾರ." ನಾನು ತಲೆಯಾಡಿಸಿದೆ.

ಆ ದಿನವೂ ಡಬ್ಬಿಯಲ್ಲಿ ಒಂದೇ ಹಿಡಿಯಿತ್ತು. ಮಾರನೆಯ ದಿನವೂ. ಹಬ್ಬದ ಹಿಂದಿನ ದಿನ ಅಂಗಡಿಯಿಂದ ತಂದು ತುಂಬಿಸಿಬಿಡೋಣ ಎಂದು ಮನಸ್ಸಿನಲ್ಲೇ ಇತ್ಯರ್ಥ ಮಾಡಿಕೊಂಡೆ.

ಮಳೆಗಾಲವೆಂದು ಕರೆಯುವ ತಿಂಗಳುಗಳು ಒಣಗಿಯೇ ಹೋದವು. ಅವ್ವನ ಕೈಬಳೆ ಮೊಣಕೈ ತನಕ ಏರುವಂತಾಯಿತು. ಕೂದಲು ದಿಂಬಿಗೆ ಹತ್ತಿಕೊಂಡು ಬರುತ್ತಿತ್ತು. ಉಗುಳನ್ನೂ ನುಂಗಲಾಗದೆ ಪಕ್ಕದಲ್ಲಿ ಒಂದು ಬಟ್ಟಲು ಇಟ್ಟುಕೊಂಡಿರುತ್ತಿದ್ದಳು. ಮಗಳು ರೂತ್ ಮೊದಲೆಲ್ಲ ಆಜಿಯ ಮಂಚದ ಮೇಲೇ ಇರುತ್ತಿದ್ದಳು. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರಿಸುತ್ತಿದ್ದಳು. ವಾಸನೆ ಶುರುವಾದ ಮೇಲೆ ಬಾಗಿಲಲ್ಲೇ ನಿಲ್ಲತೊಡಗಿದಳು. ಅವ್ವ ಅದನ್ನು ನೋಡಿದಳು. ಆಮೇಲೆ ತಾನೇ ಅವಳನ್ನು ಹತ್ತಿರ ಕರೆಯುವುದನ್ನು ಬಿಟ್ಟಳು.

ಒಂದು ದಿನ ಗಂಜಿ ಹೊಯ್ಯುವಾಗ ನಾನು ಕೇಳಿಯೇಬಿಟ್ಟೆ. "ಏನ್ ಉಳೀತವ್ವಾ ನಿನಗ?"

ಅವಳು ಬೆರಳು ಮಡಿಸಿ ಎಣಿಸಿದಳು. "ನಿಮ್ಮಪ್ಪ ಹೋದ. ಊರು ಹೋಯ್ತು. ಹಲ್ಲು ಹೋದ್ವು. ರೊಟ್ಟಿ ಹೋಯ್ತು. ಈಗ ದನಿ ಹೊಂಟದ." ಐದು ಬೆರಳೂ ಮುಗಿದು ಮುಷ್ಟಿಯಾಯಿತು. "ಎಲ್ಲಾ ಹೋಗೂದೇ ಅದ ಪ್ರಭಾಕರ. ಹೋಗದ್ದು ಒಬ್ಬಾಂವ ಅದಾನ. ನಾ ಅವನ ಕಡಿ ಹೊಂಟೀನಿ. ಹೆದರಿಕಿ ಆಗವಲ್ದು. ನೀ ಯಾಕ ಹೆದರಿ ಸಾಯಲಾಕತ್ತಿದಿ?"

"ನಾ ಹೆದರಿಲ್ಲ."

"ಆಲಿಕಿ ನಡಗ್ಲಾಕತ್ತದ ನೋಡು."

ಇದೆಲ್ಲ ಅವಳು ಆಡಿದ ಹಾಗೆಯೇ ಬರೆದಿದ್ದೇನೆಯೇ? ಬಹುಮಟ್ಟಿಗೆ. ಆಲಿಕೆ ನಡುಗಿ ಹೊದಿಕೆಯ ಮೇಲೆ ಗಂಜಿ ಚೆಲ್ಲಿದ್ದು ನಿಜ. ಆ ಕಲೆ ಇದೆ.

ಅಕ್ಟೋಬರಿನಲ್ಲಿ ಕೊನೆಯ ವಾರಗಳು. ನೋವಿಗೆ ಇಂಜೆಕ್ಷನ್ ಶುರುವಾಗಿತ್ತು. ನಾನೂ ಲೀಲಾಳೂ ಪಾಳಿಯ ಮೇಲೆ ಎಚ್ಚರವಿರುತ್ತಿದ್ದೆವು. ನಿದ್ದೆಯಿಲ್ಲದೆ ಬಸ್ಸಿನ ನಂಬರು ಕೂಡ ಎರಡೆರಡು ಸಲ ಓದಬೇಕಾಗುತ್ತಿತ್ತು. ಅಂಥ ಒಂದು ವಾರ ಕಾಲೇಜಿನ ಲ್ಯಾಬಿನಲ್ಲಿ ಮೊದಲ ವರ್ಷದವರಿಗೆ ರೆಸೊನೆನ್ಸ್ ಕಾಲಮ್ ಪ್ರಯೋಗವಿತ್ತು. ಗಾಜಿನ ಕೊಳವೆಯಲ್ಲಿ ನೀರು ಏರಿಸುತ್ತ ಇಳಿಸುತ್ತ ಮೇಲೆ ಟ್ಯೂನಿಂಗ್ ಫೋರ್ಕ್ ಹಿಡಿದು ಎಲ್ಲಿ ಧ್ವನಿ ಜೋರಾಗುತ್ತದೆ ಎಂದು ಕೇಳುವುದು. ಖಾಲಿ ಎಷ್ಟಿದೆ ಎನ್ನುವುದನ್ನು ಕಿವಿಯಿಂದ ಅಳೆಯುವ ಪ್ರಯೋಗ. ಹನ್ನೆರಡು ವರ್ಷದಿಂದ ಅದನ್ನು ಮಾಡಿಸುತ್ತಿದ್ದೇನೆ.

ಆ ವಾರದಲ್ಲೇ ಒಂದು ಬೆಳಿಗ್ಗೆ, ನಾನು ಹಿಡಿಯನ್ನು ಸುರಿದು ಹೊಸ್ತಿಲಿಗೆ ಬಂದಾಗ, ಅವ್ವ "ಸ್ತೋತ್ರ" ಎನ್ನುವ ಮೊದಲು ಆ ಮಾತನ್ನು ಹೇಳಿದ್ದು. ಡಬ್ಬಿ ಖಾಲಿನೇ ಅದ, ಇರ್ಲಿ ಬಿಡು. ಆಮೇಲೆ "ಸ್ತೋತ್ರ" ಎಂದಳು. ಕುಪ್ಪಸದ ಅಂಚು ಬಿಟ್ಟಳು.

ಅಥವಾ ಹೇಳಲಿಲ್ಲ. ಲ್ಯಾಬಿನ ಕೊಳವೆ, ಮನೆಯ ಡಬ್ಬಿ, ನಿದ್ದೆಗೆಟ್ಟ ತಲೆ, ತಪ್ಪಿತಸ್ಥ ಮನಸ್ಸು, ಇವೆಲ್ಲ ಕೂಡಿ ನಾನೇ ಅದನ್ನು ಹೆಣೆದುಕೊಂಡೆ. ಇದು ಬಹಳ ಸಾಧ್ಯ. ನನ್ನ ವಿದ್ಯಾರ್ಥಿ ಇಂಥ ಪುರಾವೆ ತಂದರೆ ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.

ಅವ್ವ ಒಂದು ಬೆಳಿಗ್ಗೆ ಏಳೂವರೆಗೆ ಹೋದಳು. ಸ್ಟೋವು ಇನ್ನೂ ಹೊತ್ತಿಸಿರಲಿಲ್ಲ.

ಅಬ್ರಾಹಮಪ್ಪ ಮತ್ತು ಮರಾಠಿ ಸಭೆಯ ಪಾದ್ರಿಗಳು ಬಂದರು. ಮಣ್ಣು ಮಾಡಿದೆವು. ಸುಗ್ಗಿ ಹಬ್ಬಕ್ಕೆ ಇನ್ನೂ ಎಂಟು ದಿನವಿತ್ತು. ನಾನು ಅಂದುಕೊಂಡಿದ್ದ ಹಬ್ಬದ ಹಿಂದಿನ ದಿನ ಬರಲೇ ಇಲ್ಲ. ಮೂರನೆಯ ದಿನ ಅಬ್ರಾಹಮಪ್ಪ ಚೀಲ ಹಿಡಿದುಕೊಂಡು ಬಂದ. "ಅವ್ವಾರ್ ಡಬ್ಬಿ ನಾನೇ ಒಯ್ತೀನ್ರಿ ಸರ್. ಆ ರಸ್ತೆದಾಗಿನ ಮಂದಿ ಹಬ್ಬದ ತನಕ ಕಾಯಂಗಿಲ್ಲ. ಬಾಳ ಕಷ್ಟದಾಗ ಅದಾರ."

ನಾನು ತಡೆಯುವ ಮೊದಲು ಒಳಗೆ ಹೋಗಿ ಡಬ್ಬಿ ಎತ್ತಿದ. ಅವನ ತೋಳು ಒಮ್ಮೆಲೇ ಮೇಲಕ್ಕೆ ಬಂತು. ಭಾರವಿರುತ್ತದೆ ಎಂದು ಎತ್ತಿದವನ ತೋಳು. ಮುಚ್ಚಳ ತೆಗೆದ.

ಒಂದೇ ಹಿಡಿ.

ಮುದುಕ ಬಹಳ ಹೊತ್ತು ಅದನ್ನೇ ನೋಡಿದ. ನನ್ನ ಕಡೆ ನೋಡಲಿಲ್ಲ. ಅದಕ್ಕೆ ನಾನು ಅವನಿಗೆ ಋಣಿ. "ಇರ್ಲಿ ಬಿಡ್ರಿ," ಎಂದು ಆ ಒಂದು ಹಿಡಿಯನ್ನೇ ಚೀಲಕ್ಕೆ ಸುರಿದುಕೊಂಡು ಹೋದ. ಲೀಲಾ ಅವನ ಹಿಂದೆಯೇ ಬಾಗಿಲ ತನಕ ಓಡಿ ಮನೆಯ ಜೋಳದ ಚೀಲವನ್ನೇ ಸೈಕಲ್ಲಿಗೆ ಕಟ್ಟಿಸಿದಳು. ಆ ದಿನ ನಾವು ಚುರುಮುರಿ ತಿಂದೆವು. ದಿಂಡೋರಿ ರಸ್ತೆಯ ಬಿಡಾರದಲ್ಲಿ ಯಾವ ಮನೆಗೆ ಆ ನಾಲ್ಕು ತಿಂಗಳ ಕಾಳು ಹೋಗಬೇಕಿತ್ತೋ ನನಗೆ ಗೊತ್ತಿಲ್ಲ. ನಾನು ಹೋಗಿ ಕೇಳಲಿಲ್ಲ.

ಆಮೇಲಿನ ವರ್ಷವೆಲ್ಲ ನಾನು ಒಂದೇ ಪ್ರಶ್ನೆಯ ಸುತ್ತ ತಿರುಗಿದೆ.

ಅವ್ವನಿಗೆ ಗೊತ್ತಿರಲಿಲ್ಲ ಎಂದುಕೊಳ್ಳೋಣ. ಹಾಗಾದರೆ ಅವಳು ನನ್ನ ಸುಳ್ಳಿನ ಮೇಲೆ ತಲೆಯಿಟ್ಟು ನೆಮ್ಮದಿಯಿಂದ ಹೋದಳು. ನಂಬಿಕೆಯೆಂದರೆ ಹೀಗೇ, ಒಂದು ಸಪ್ಪಳ ಸಾಕು ಎಂಬ ನನ್ನ ಹಳೆಯ ಅಭಿಪ್ರಾಯಕ್ಕೆ ಏನೂ ಆಗುವುದಿಲ್ಲ. ನಾನು ಮೋಸ ಮಾಡಿದೆ, ಆದರೆ ದಯೆಯಿಂದ ಮಾಡಿದೆ. ಬದುಕಬಹುದು.

ಗೊತ್ತಿತ್ತು ಎಂದುಕೊಳ್ಳೋಣ. ಹಾಗಾದರೆ ಅವಳು ಪ್ರತಿದಿನ ಬೆಳಿಗ್ಗೆ ತನ್ನ ಮಗನ ಮೋಸವನ್ನು ಕಿವಿಯಾರೆ ಕೇಳಿ, "ಸ್ತೋತ್ರ" ಎಂದು, ಆ ಮಗನ ಕೈಗೇ ತನ್ನ ಕೊಳವೆ ಕೊಟ್ಟಳು. ಮರುದಿನ ಮತ್ತೆ ಅವನಿಗೇ ಹಾಕಲು ಹೇಳಿದಳು. ಲೀಲಾಗೆ ಹೇಳಲಿಲ್ಲ. ಇವತ್ತಾದರೂ ಹಾಕುತ್ತಾನೆಯೋ ಎಂದು ಕಾದಳು. ಹಾಕಲಿಲ್ಲ. ಆದರೂ ಅವಳ ಕೈ ನಡುಗಲಿಲ್ಲ, ಅವಳಿಗೆ ಹೆದರಿಕೆಯಾಗಲಿಲ್ಲ. ಹಾಗಾದರೆ ಅವಳ ಭರವಸೆ ಡಬ್ಬಿಯ ಮೇಲೂ ನಿಂತಿರ‍ಲಿಲ್ಲ, ನನ್ನ ಮೇಲೂ ನಿಂತಿರಲಿಲ್ಲ. ಗಂಡ, ಊರು, ಹಲ್ಲು, ರೊಟ್ಟಿ, ದನಿ ಎಂದು ಮಡಿಸಿದ ಬೆರಳುಗಳ ಜೊತೆ ಮಗನ ಬೆರಳನ್ನೂ ಮಡಿಸಿ ಮುಗಿಸಿದ್ದಳು. ಆದರೂ ಏನೋ ಉಳಿದಿತ್ತು. ಅದು ಏನು ಎಂದು ನನಗೆ ಗೊತ್ತಿಲ್ಲ. ಅವಳು ಅದಕ್ಕೊಂದು ಹೆಸರು ಹೇಳುತ್ತಿದ್ದಳು. ಆ ಹೆಸರನ್ನು ನಾನು ಇನ್ನೂ ನನ್ನ ಬಾಯಲ್ಲಿ ತರಲಾರೆ. ಆದರೆ ಅದು ಬರೀ ಸಪ್ಪಳ ಎಂದು ಇನ್ನು ಮೇಲೆ ಹೇಳುವ ಹಕ್ಕು ನನಗಿರುವುದಿಲ್ಲ.

ಆಡಿದ ಮಾತನ್ನು ಪರೀಕ್ಷಿಸಲಾಗುವುದಿಲ್ಲ. ಆದರೆ ಒಂದನ್ನು ಪರೀಕ್ಷಿಸಬಹುದಿತ್ತು. ಗೋಡೆಯ ಆಚೆ ಮಲಗಿದವರಿಗೆ ಖಾಲಿ ಡಬ್ಬಿಗೂ ತುಂಬುತ್ತಿರುವ ಡಬ್ಬಿಗೂ ವ್ಯತ್ಯಾಸ ಕೇಳಿಸುತ್ತದೆಯೇ? ಕೇಳಿಸದಿದ್ದರೆ ಆ ಮಾತು ನನ್ನ ಕಲ್ಪನೆ. ಹತ್ತು ನಿಮಿಷದ ಕೆಲಸ. ಮಾಡಲು ನನಗೆ ಒಂದು ವರ್ಷ ಧೈರ್ಯ ಬರಲಿಲ್ಲ. ಕೇಳಿಸದಿರಲಿ ಎಂದು ನಾನು ಬಯಸುತ್ತಿದ್ದೇನೆಂದು ನನಗೆ ಗೊತ್ತಿತ್ತು. ಫಲಿತಾಂಶ ಬಯಸುವವನು ಪ್ರಯೋಗ ಮಾಡಬಾರದು.

ಕೊನೆಗೆ ಕಳೆದ ತಿಂಗಳು ಅಬ್ರಾಹಮಪ್ಪನ ಮನೆಗೆ ಹೋದೆ. ಅವನ ಹೆಂಡತಿಯ ಹತ್ತಿರವೂ ಅಂಥದೇ ಹಾಲಿನ ಪುಡಿಯ ಡಬ್ಬಿಯಿತ್ತು. ಅರ್ಧ ತುಂಬಿತ್ತು. ಅದನ್ನು ಒಂದು ದಿನದ ಮಟ್ಟಿಗೆ ಕೇಳಿದೆ.

"ಯಾತಕ್ರಿ ಸರ್?" ಎಂದ ಮುದುಕ.

"ಒಂದು ಪ್ರಯೋಗ."

"ಕಾಳು ತೆಗೀಬ್ಯಾಡ್ರಿ ಮತ್ತ." ನಕ್ಕ. ನಾನೂ ನಗಬೇಕಾಯಿತು.

ಮರುದಿನ ಬೆಳಿಗ್ಗೆ, ರಜೆಯಿತ್ತು, ಲೀಲಾ ಎರಡೂ ಡಬ್ಬಿಗಳನ್ನು ಅಡುಗೆ ಕೋಣೆಯಲ್ಲಿ ಅವ್ವನ ಡಬ್ಬಿ ಇರುತ್ತಿದ್ದ ಜಾಗದಲ್ಲೇ ಇಟ್ಟುಕೊಂಡಳು. ಒಂದು ಖಾಲಿ, ಒಂದು ಅರ್ಧ. ತನಗೆ ತೋಚಿದ ಕ್ರಮದಲ್ಲಿ ಒಂದೊಂದು ಹಿಡಿ ಸುರಿದು, ಖಾಲಿ ಡಬ್ಬಿಗೆ ಬಿದ್ದದ್ದನ್ನು ಪ್ರತಿ ಸಲ ಸಪ್ಪಳವಾಗದಂತೆ ತೆಗೆದು, ಯಾವುದಕ್ಕೆ ಸುರಿದಳೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ನಾನು ಅವ್ವನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ನನ್ನ ಚೀಟಿಯಲ್ಲಿ ಬರೆದುಕೊಳ್ಳಬೇಕು. ಹತ್ತು ಸಲ. ಆಮೇಲೆ ಬಾಗಿಲು ಮುಚ್ಚಿ ಹತ್ತು ಸಲ. ಮೊದಲನೆಯ ಹಿಡಿ ಬಿದ್ದ ಕೂಡಲೇ ನನಗೆ ಗೊತ್ತಾಯಿತು. ಆದರೂ ಇಪ್ಪತ್ತನ್ನೂ ಮುಗಿಸಿದೆವು. ಲೀಲಾ ಬಂದು ಮಂಚದ ಅಂಚಿಗೆ ಕೂತಳು. ಎರಡು ಚೀಟಿಗಳನ್ನು ಪಕ್ಕಪಕ್ಕ ಹಿಡಿದು ಬೆರಳಿಟ್ಟು ನೋಡುತ್ತ ಹೋದಳು.

ಬಾಗಿಲು ತೆರೆದಿದ್ದಾಗ ಹತ್ತಕ್ಕೆ ಹತ್ತು. ಮುಚ್ಚಿದ್ದಾಗ ಹತ್ತಕ್ಕೆ ಒಂಬತ್ತು. ಅವ್ವನಿದ್ದ ನಾಲ್ಕು ತಿಂಗಳಲ್ಲಿ ಆ ಬಾಗಿಲನ್ನು ನಾವು ಒಮ್ಮೆಯೂ ಮುಚ್ಚಿರಲಿಲ್ಲ.